ಬಣ್ಣ ನೋಡದೆ ಕೂರಿಸಿದ ಟ್ರಿಗರ್

ನನ್ನ ಅಣ್ಣ ತನ್ನ ಕಣ್ಣನ್ನು ತಾನೇ ನಂಬದ ಹಾಗೆ ಮಾಡಿದವಳು ನಾನು. ಲೈಸೆನ್ಸ್ ಹೋದದ್ದು, ಅಂಗಡಿಗೆ ಬೀಗ ಬಿದ್ದದ್ದು ಅದರ ಜೊತೆಗೆ ಬಂದವು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕಡೆಗೆ ಬರೆಯೋಣ ಎಂದು ಉಳಿಸಿಕೊಂಡರೆ ನಡುವೆ ಎಲ್ಲಾದರೂ ನುಸುಳಿ ಹೋಗುವ ಸಂದು ಹುಡುಕುತ್ತೇನೆ. ಏಳು ವರ್ಷ ಅದನ್ನೇ ಮಾಡಿದ್ದೇನೆ. ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ, ಪುಣೆಯ ಕನ್ನಡ ಶಾಲೆಯಲ್ಲಿ. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮ ಅಂಗಡಿ ಸದಾಶಿವ ಪೇಠೆಯಲ್ಲಿ, ವಾಡೆ ಎನ್ನುವ ಹಳೆಯ ದೊಡ್ಡ ಮನೆಯೊಂದರ ಕೆಳಗಿನ ಕೋಣೆಯಲ್ಲಿತ್ತು. ಎಡಕ್ಕೂ ಬಲಕ್ಕೂ ಕೋಚಿಂಗ್ ಕ್ಲಾಸಿನ ಫಲಕಗಳು, ಅವುಗಳ ನಡುವೆ ನಮ್ಮದೊಂದು ತುಕ್ಕು ಹಿಡಿದ ತಗಡು. ಅಪ್ಪ ವಿಜಾಪುರದ ಕಡೆಯಿಂದ ಬಂದು ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವರು. ಆಮೇಲೆ ಬಂದೂಕು ರಿಪೇರಿಯ ಲೈಸೆನ್ಸ್ ಪಡೆದು ಸ್ವಂತ ಕೂತರು. ನಾವು ಬಂದೂಕು ಮಾರುತ್ತಿರಲಿಲ್ಲ, ಬರೀ ದುರಸ್ತಿ. ಅಪ್ಪ ಹೋದ ಮೇಲೆ ಲೈಸೆನ್ಸ್ ಅಣ್ಣನ ಹೆಸರಿಗೆ ಬಂತು.

ಬರುತ್ತಿದ್ದವುಗಳಲ್ಲಿ ಅಣ್ಣನಿಗೆ ಜೀವವಿದ್ದದ್ದು ಹಳೆಯ ಲಿವರ್ ರೈಫಲ್ಲುಗಳ ಮೇಲೆ. ನೂರು ವರ್ಷ ದಾಟಿದ ಸರಂಜಾಮು, ದೊಡ್ಡ ಮನೆತನಗಳ ಗೋಡೆಯ ಮೇಲೆ ತೂಗಿದ್ದವು. ಹಿಡಿಕೆಯ ಕೆಳಗೆ ಬೆರಳು ತೂರಿಸುವಂಥ ಕಬ್ಬಿಣದ ಬಳೆ ಇರುತ್ತದೆ, ಅದೇ ಲಿವರ್. ಅದನ್ನು ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರಿ, ಹಿಂದಿನ ಸುತ್ತಿಗೆ ತಲೆಯೆತ್ತಿ ನಿಲ್ಲುತ್ತದೆ. ಮೇಲಕ್ಕೆ ಎಳೆದರೆ ಹೊಸ ತೋಟಾ ಒಳಗೆ ಹೋಗುತ್ತದೆ. ಎದ್ದು ನಿಂತ ಆ ಸುತ್ತಿಗೆಯನ್ನು ತಡೆದು ಹಿಡಿಯುವುದು ಟ್ರಿಗರಿನ ಮೇಲ್ತುದಿ. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಅಷ್ಟೇ.

ಈ ರೈಫಲ್ಲುಗಳಿಗೆ ಬಿಡಿಭಾಗ ಎಲ್ಲಿಂದಲೂ ಬರುವುದಿಲ್ಲ. ಮಾಡಿದ ಕಂಪನಿಗಳೇ ಇಲ್ಲ, ಇದ್ದರೂ ನಮಗೆ ಕಳಿಸುವವರು ಯಾರು? ಖಾಲಿ ತೋಟಾ ಎಳೆಯುವ ಕೊಕ್ಕೆ ಮುರಿದಿರಲಿ, ಸ್ಪ್ರಿಂಗ್ ಸತ್ತಿರಲಿ, ಸ್ಕ್ರೂವಿನ ತಲೆ ಸವೆದಿರಲಿ, ಎಲ್ಲವನ್ನೂ ಉಕ್ಕಿನ ತುಂಡಿನಿಂದ ಕೈಯಲ್ಲೇ ಮಾಡಬೇಕು. ಒಂದು ರೈಫಲ್ಲಿನದು ಇನ್ನೊಂದಕ್ಕೆ ಕೂಡುವುದಿಲ್ಲ, ಎರಡೂ ಒಂದೇ ಕಂಪನಿಯವಾದರೂ. ಕೂಡಿಸುವುದಕ್ಕೆ ಅಣ್ಣ ಬಳಸುತ್ತಿದ್ದದ್ದು ಕಣ್ಣಿಗೆ ಹಚ್ಚುವ ಕಾಡಿಗೆ. ಹರಳೆಣ್ಣೆ ದೀಪದ ಮೇಲೆ ತಾಟು ಹಿಡಿದು ಮನೆಯಲ್ಲಿ ಮಾಡಿದ್ದು. ಹೊಸ ಭಾಗಕ್ಕೆ ತೆಳ್ಳಗೆ ಕಾಡಿಗೆ ಸವರಿ ಅದರ ಜಾಗದಲ್ಲಿ ಕೂರಿಸಿ ತೆಗೆದರೆ, ಎಲ್ಲಿ ತಿಕ್ಕುತ್ತದೋ ಅಲ್ಲಿ ಕಪ್ಪು ಅಳಿಸಿರುತ್ತದೆ. ಅಷ್ಟನ್ನು ಅರದಿಂದ ಉಜ್ಜು, ಮತ್ತೆ ಹಚ್ಚು, ಮತ್ತೆ ಕೂರಿಸು. ಒಂದು ಕೊಕ್ಕೆಗೆ ಇಂಥ ನೂರು ಸಲ.

ವೈನಿ, ಅಂದರೆ ಅಣ್ಣನ ಹೆಂಡತಿ, ಇದಕ್ಕೆ ಅವನನ್ನು ಕಾಡುತ್ತಿದ್ದಳು. "ಮದುವ್ಯಾದಾಗಿಂದ ನನ್ನ ಕಣ್ಣಿಗೆ ಒಂದ ಡಬ್ಬಿ ಕಾಡಿಗಿ ತಂದ ಕೊಟ್ಟಿಲ್ಲ. ಬಂದೂಕಿಗೆ ದಿನಾ ಹಚ್ಚತಾರ ನೋಡ್ರಿ."

"ಬಂದೂಕು ನಿನ್ನಂಗ ಬಾಯಿ ಮಾಡೂದಿಲ್ಲ, ಅದಕ್ಕ ಹಚ್ಚತೀನಿ."

"ಬಾಯಿ ಮಾಡಿದ್ರ ಮನಿಶ್ಯಾ ಉಳ್ಯೂದಿಲ್ರೀ. ನಾ ಮಾಡಿದ್ರ ನೀವು ಉಂಡು ಮಲಗತೀರಿ."

ನಾನು ಈ ಕೆಲಸಕ್ಕೆ ಬಂದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸೊಲ್ಲಾಪುರದಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ಮೇಲೆ. ಪುಣೆಗೆ ಮರಳಿ, ಬಿಬವೇವಾಡಿಯ ಅಣ್ಣನ ಮನೆಯಲ್ಲಿ ದಿನವೆಲ್ಲ ಗೋಡೆ ನೋಡುತ್ತ ಕೂರುತ್ತಿದ್ದೆ. ಅಣ್ಣ ಒಂದು ತಿಂಗಳು ಸುಮ್ಮನಿದ್ದ. ಆಮೇಲೆ ಅಂಗಡಿಗೆ ಕರೆದುಕೊಂಡು ಹೋಗಿ ಕೈಯಲ್ಲಿ ಅರ ಕೊಟ್ಟ. "ಈ ಕಬ್ಬಿಣಾ ಸಪಾಟ ಮಾಡು. ಸಿಟ್ಟು ಬಂದ್ರ ಅದರ ಮ್ಯಾಲೆ ತೀರ್ಸು. ಅದೇನ ಅಳೂದಿಲ್ಲ." ಒಂದು ತುಂಡನ್ನು ನಾಲ್ಕು ಮೂಲೆ ಸರಿಯಾಗಿ ಸಪಾಟು ಮಾಡಲು ನನಗೆ ನಲವತ್ತು ದಿನ ಹಿಡಿಯಿತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಮುಂದೆ ಅವನಿಗೆ ಸುಳ್ಳು ಹೇಳುವ ಮೊದಲು ನಾನು ಹೆದರುತ್ತಿದ್ದೆನೋ ಏನೋ.

ಹತ್ತು ವರ್ಷದಲ್ಲಿ ಕೆಲಸ ಕಲಿತೆ. ಆದರೆ ಲೈಸೆನ್ಸಿನಲ್ಲಿ ನನ್ನ ಹೆಸರಿರಲಿಲ್ಲ. ಕೆಲಸಗಾರಳೆಂದು ಹೆಸರು ಹಾಕಿಸು, ಫೋಟೋ ತೆಗೆಸು ಎಂದು ಅಣ್ಣ ಪ್ರತಿ ವರ್ಷ ಹೇಳುತ್ತಿದ್ದ. ಅರ್ಜಿ ಕೊಟ್ಟರೆ ಪೊಲೀಸರು ಮನೆಗೆ ಬಂದು ಗಂಡ ಎಲ್ಲಿದ್ದಾನೆ ಎಂದು ಕೇಳುತ್ತಾರೆ. ಆ ಪ್ರಶ್ನೆ ನನಗೆ ಬೇಡವಾಗಿತ್ತು. ಹಾಗಾಗಿ ಗಿರಾಕಿ ಬಂದ ಸದ್ದು ಕೇಳಿದರೆ ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಮುಂದಿನಿಂದ ಎದ್ದು ಹೋಗಿ ಊಟದ ಡಬ್ಬದ ಹತ್ತಿರ ಕೂರುತ್ತಿದ್ದೆ. ಬಂದವರು ನನ್ನನ್ನು ಡಬ್ಬ ತಂದವಳು ಎಂದೇ ತಿಳಿಯುತ್ತಿದ್ದರು.

ಒಂದು ಕೆಲಸವನ್ನು ಮಾತ್ರ ಅಣ್ಣ ನನಗೆ ಬಿಟ್ಟುಕೊಟ್ಟಿರಲಿಲ್ಲ. ಅದು ಹದ. ಅರದಿಂದ ರೂಪಕ್ಕೆ ತಂದ ಉಕ್ಕು ಮೆತ್ತಗಿರುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ; ಬಡಿದರೆ ಸಿಡಿಯುತ್ತದೆ. ಅದಕ್ಕೆ ನಾವು ಹಸಿ ಎನ್ನುತ್ತಿದ್ದೆವು. ಅದನ್ನು ಬೆಳ್ಳಗೆ ಉಜ್ಜಿ ಮತ್ತೊಮ್ಮೆ ಮೆಲ್ಲಗೆ ಕಾಯಿಸಬೇಕು. ಬಿಳಿ ಉಕ್ಕಿನ ಮೇಲೆ ತಾನಾಗಿ ಒಂದು ಬಣ್ಣ ಏರಿ ಬರುತ್ತದೆ. ಒಣಗಿದ ಜೋಳದ ಕಣಿಕೆಯ, ಅಂದರೆ ದಂಟಿನ, ತಿಳಿಹಳದಿ ಬಣ್ಣ ಬಂದ ಕೂಡಲೇ ತೆಗೆದುಬಿಡಬೇಕು. ಆಗ ಅದು ಗಟ್ಟಿಯೂ ಹೌದು, ಸಿಡಿಯುವುದೂ ಇಲ್ಲ. ಆ ಬಣ್ಣ ಎಷ್ಟು ತೆಳ್ಳಗಿರುತ್ತದೆಂದರೆ ಹುಣಸೆಹುಳಿ ತಾಗಿದರೆ ಹೋಗುತ್ತದೆ. ಬಣ್ಣ ಹೋದ ಮೇಲೆ ಹದವಾದದ್ದು ಯಾವುದು, ಹಸಿ ಯಾವುದು, ಯಾರೂ ನೋಡಿ ಹೇಳಲಾರರು, ಅರಕ್ಕೂ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಭಾಗ ಒಳಗೆ ಕೂರುವ ತನಕ ಅದರ ಮೇಲಿನ ಬಣ್ಣ ಅಳಿಸಬಾರದು. ಕೂರಿಸುವವರು ಕೂರಿಸುವ ಗಳಿಗೆಯಲ್ಲಿ ಬಣ್ಣ ನೋಡಬೇಕು.

ನಾನು ಅಂಗಡಿಗೆ ಬಂದ ಹತ್ತನೆಯ ವರ್ಷ ದಸರೆಯ ಮುಂಚೆ ಒಂದು ಲಿವರ್ ರೈಫಲ್ ಬಂತು. ಅದರ ಯಜಮಾನರು ಹಳೆಯ ಸರದಾರ ಮನೆತನದವರು, ನಾವು ಸಾಹೇಬರು ಎನ್ನುತ್ತಿದ್ದೆವು. ತಂದುಕೊಟ್ಟದ್ದು ಅವರ ಡ್ರೈವರ್, ಐವತ್ತರ ಹತ್ತಿರದ ಮರಾಠಿ ಮನುಷ್ಯ, ಬಾಯಲ್ಲಿ ಸದಾ ಬಡೀಸೋಪು. ಆ ರೈಫಲ್ಲಿನ ಟ್ರಿಗರ್ ತುದಿ ಪೂರಾ ಸವೆದುಹೋಗಿತ್ತು. ಸುತ್ತಿಗೆ ಎತ್ತಿ ಮೇಜಿನ ಮೇಲೆ ಕೈ ಬಡಿದರೂ ಸಾಕು, ಖಟ್ ಎಂದು ಬೀಳುತ್ತಿತ್ತು. ಅಣ್ಣ ಸಣ್ಣ ಭಾಗಗಳನ್ನು ಯಾವಾಗಲೂ ಜೋಡಿ ಮಾಡುತ್ತಿದ್ದ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಎರಡು ಟ್ರಿಗರ್ ಮಾಡಿದೆವು. ಅರದ ಕೆಲಸ ಹೆಚ್ಚಿನಂಶ ನನ್ನದೇ, ಯಾಕೆಂದರೆ ಅಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

ಹಿಂದಿನ ದಿನ ಸಂಜೆ ಎರಡನ್ನೂ ಎಣ್ಣೆಗೆ ಹಾಕಿ ಗಟ್ಟಿ ಮಾಡಿದ. ಮೋಡ ಕವಿದಿತ್ತು, ಹಳದಿ ಬಲ್ಬು ಹಚ್ಚಿದ್ದೆವು. ಮೊದಲನೆಯದನ್ನು ಹದಕ್ಕೆ ತಂದ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು, ಸಕ್ಕರೆ ತಪಾಸಣೆಗೆ ಈಗಲೇ ಬನ್ನಿ ಎಂದು. ಬೆಂಕಿ ಆರಿಸಿ ಎದ್ದ. ಹೋಗುವಾಗ ಎರಡನ್ನೂ ಒಂದು ತಗಡಿನ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ತೋರಿಸಿದ.

"ಇದಕ್ಕ ಕಣಿಕಿ ಬಣ್ಣ ಬಂದದ. ಕೂಡ್ಸೂದು ಇದನ್ನ. ಅದು ಇನ್ನೂ ಹಸಿ ಅದ, ನಾ ಬಂದ ಮ್ಯಾಲೆ ನೋಡತೀನಿ. ತಿಳೀತಿಲ್ಲೋ?"

"ತಿಳೀತು ಬಿಡಣ್ಣಾ. ಕೂಸಿಗೆ ಹೇಳಿದಂಗ ಹೇಳ್ತಿ."

ನಾನು ನೋಡಿದ್ದೆ. ಒಂದರ ಮೇಲೆ ಬಣ್ಣವಿತ್ತು, ಇನ್ನೊಂದು ಬೆಳ್ಳಗಿತ್ತು. ಇದನ್ನು ದೇವರ ಮುಂದೆ ಆಣೆಯಿಟ್ಟು ಹೇಳಬಲ್ಲೆ.

ಆಪರೇಷನ್ ಆಯಿತು. ಅಣ್ಣ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮಲಗಿದ. ನಾಲ್ಕನೆಯ ದಿನ ಖಂಡೇನವಮಿ. ಆಯುಧಗಳನ್ನು ಪೂಜೆಗಿಡುವುದು ಅಪ್ಪನಿಂದ ಅಣ್ಣನಿಗೆ ಬಂದ ಕೆಲಸ. ಹೆಣ್ಣುಮಕ್ಕಳು ಅಡುಗೆ ಮಾಡಿ ಕಳಿಸುವವರು. ಆ ಸಲ ನಾನೇ ಮಾಡಬೇಕಾಯಿತು, ನನಗದು ದೊಡ್ಡ ಹಿಗ್ಗು. ಹತ್ತು ವರ್ಷ ಆ ವೈಸಿನ ಮುಂದೆ ಕೂತಿದ್ದರೂ ಕುಂಕುಮ ಹಚ್ಚುವ ಹಕ್ಕು ಮೊದಲ ಸಲ ಬಂದಿತ್ತು. ಬೆಳಗ್ಗೆ ಬೇಗ ಹೋಗಿ ನೆಲ ತೊಳೆದೆ. ಅರ, ಸುತ್ತಿಗೆ, ಇಕ್ಕಳ, ಉಳಿ ಎಲ್ಲವನ್ನೂ ತಂಬಿಗೆ ಬೆಳಗುವ ಹಾಗೆ ಹುಣಸೆಹಣ್ಣು ಬೂದಿ ಹಾಕಿ ಬೆಳಗಿದೆ. ಅದೇ ಭರದಲ್ಲಿ ತಗಡಿನ ಡಬ್ಬಿಯನ್ನೂ ತೆರೆದೆ. ಹೊಸ ಟ್ರಿಗರುಗಳು ನನ್ನ ಕೈಕೆಲಸ, ದೇವರ ಮುಂದೆ ಮಬ್ಬಾಗಿ ಕೂರುವುದು ಬೇಡ ಎನ್ನಿಸಿತು. ಎರಡನ್ನೂ ಫಳಫಳ ಹೊಳೆಯುವ ಹಾಗೆ ಉಜ್ಜಿ, ತೊಳೆದು, ತಾಟಿನಲ್ಲಿ ಜೋಡಿಸಿ ಅರಿಶಿನ ಕುಂಕುಮ ಏರಿಸಿದೆ.

ಊದುಬತ್ತಿ ಹಚ್ಚುವಾಗ ನನಗೆ ಹೊಳೆಯಿತು. ಎರಡೂ ಬೆಳ್ಳಗಿದ್ದವು.

ಅಷ್ಟೇ ಆಗಿದ್ದರೆ ಇದು ಹುಡುಗಾಟದ ತಪ್ಪು. ಪೂಜೆ ಇಳಿಸಿದ ಮೇಲೆ ಎರಡನ್ನೂ ಮತ್ತೊಮ್ಮೆ ಹದಕ್ಕಿಟ್ಟರೆ ಮುಗಿಯುತ್ತಿತ್ತು. ಹದವಾದದ್ದನ್ನು ಇನ್ನೊಮ್ಮೆ ಕಣಿಕೆ ಬಣ್ಣಕ್ಕೆ ತಂದರೆ ಏನೂ ಕೆಡುವುದಿಲ್ಲ. ಅರ್ಧ ತಾಸಿನ ಕೆಲಸ. ಆದರೆ ಮಧ್ಯಾಹ್ನ ಡ್ರೈವರ್ ಬಂದು ಬಾಗಿಲಲ್ಲಿ ನಿಂತ. ಅಕ್ಕನಿಗೆ ಮರಾಠಿಯಲ್ಲಿ ತಾಈ ಎನ್ನುತ್ತಾರೆ, ನನ್ನನ್ನು ಹಾಗೇ ಕರೆಯುತ್ತಿದ್ದ.

"ಕಾಯ್ ತಾಈ, ಝಾಲಂ ಕಾ?" ಆಯಿತೇ ಎಂದು ಕೇಳಿದ. ಸಾಹೇಬರ ತೋಟದ ಮನೆಯಲ್ಲಿ ನಾಳೆ ಬೆಳಗ್ಗೆ ಶಸ್ತ್ರಪೂಜೆ, ರೈಫಲ್ ಇಲ್ಲದೆ ಹಿಂದಿರುಗಿದರೆ ನನ್ನನ್ನೇ ಗೋಡೆಗೆ ತೂಗುಹಾಕುತ್ತಾರೆ ಎಂದು ನಕ್ಕ.

ಆಯುಧಗಳು ಪೂಜೆಯಲ್ಲಿದ್ದವು. ಮರುದಿನದ ತನಕ ಮುಟ್ಟುವ ಹಾಗಿಲ್ಲ, ಒಲೆ ಹಚ್ಚುವುದಂತೂ ಇಲ್ಲವೇ ಇಲ್ಲ. ನಾಳೆ ಬಾ ಎನ್ನಬಹುದಿತ್ತು. ಎನ್ನಲಿಲ್ಲ. ಅಣ್ಣನಿಲ್ಲದಾಗ ಅಂಗಡಿ ನಡೆಸಿ ತೋರಿಸಬೇಕೆಂಬ ಹಟ. ಹತ್ತು ನಿಮಿಷ ಎಂದು ಡ್ರೈವರನನ್ನು ಚಹಾಕ್ಕೆ ಕಳಿಸಿ ಅಣ್ಣನಿಗೆ ಫೋನ್ ಮಾಡಿದೆ.

"ಸಾಹೇಬರ ಮನ್ಯಾಗಿಂದ ಬಂದಾರ. ಟ್ರಿಗರ್ ಕೂಡ್ಸಿ ಕೊಟ್ಟಬಿಡ್ಲೇನು?"

"ಪೂಜಿ ಮಾಡಿಯೇನು?"

"ಮಾಡೀನಿ. ಪಿನ್ ಬಡ್ಯೂದಷ್ಟ ಉಳದದ. ದೇವರಿಗೆ ಕೈ ಮುಗದು ಒಂದ ಸುತ್ತಿಗಿ ತಗೋತೀನಿ."

"ತಗೋ. ಬಣ್ಣಾ ನೋಡಿಯೇನು?"

ಆಗ ನಾನು ಸುಮ್ಮನಿದ್ದದ್ದು ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಬಣ್ಣ ಅಳಿಸಿಬಿಟ್ಟೆ ಅಣ್ಣಾ ಎನ್ನಲು ಅಷ್ಟು ಹೊತ್ತು ಸಾಕಿತ್ತು.

"ನೋಡೀನಿ," ಎಂದೆ.

"ಹಂಗಾರ ಕೊಡು."

ತಾಟಿನಲ್ಲಿ ಎಡಗಡೆಯದು ಹದವಾದದ್ದು ಎಂದು ನೆನಪಿತ್ತು. ಅಥವಾ ನೆನಪಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಕುಂಕುಮ ಒರೆಸಿ ಕೂರಿಸಿದೆ. ಸುತ್ತಿಗೆ ಎತ್ತಿ ಹತ್ತು ಸಲ ನೋಡಿದೆ, ಬಂಡೆಯ ಹಾಗೆ ನಿಂತಿತು. ಮೇಜು ಗುದ್ದಿದರೂ ಅಲ್ಲಾಡಲಿಲ್ಲ. ಡ್ರೈವರ್ ಮುದ್ದುಮಾಡುವವನ ಹಾಗೆ ರೈಫಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಬಡೀಸೋಪಿನ ಪುಡಿಕೆಯಿಂದ ನನಗೂ ಒಂದು ಚಿಟಿಕೆ ಕೊಟ್ಟು ಹೋದ.

ಮರುದಿನ ದಸರೆ. ಬೆಳಗ್ಗೆ ಹತ್ತರ ಸುಮಾರಿಗೆ ನಾನು ಅಂಗಡಿಯಲ್ಲಿ ಪೂಜೆ ಇಳಿಸುತ್ತಿದ್ದೆ, ಸಾಹೇಬರ ಮನೆಯಿಂದ ಫೋನ್ ಬಂತು. ಪೂಜೆಯ ನಂತರ ಆಕಾಶಕ್ಕೆ ಒಂದು ತೋಟಾ ಹಾರಿಸುವುದು ಅವರಲ್ಲಿ ರೂಢಿಯಂತೆ. ಸಾಹೇಬರು ಲಿವರ್ ಎಳೆದು ತೋಟಾ ಏರಿಸಿದ್ದಾರೆ, ಸುತ್ತಿಗೆ ಎದ್ದು ನಿಂತಿದೆ. ರೈಫಲ್ ಮೇಲಕ್ಕೆತ್ತುವ ಮೊದಲೇ ಟ್ರಿಗರಿನ ತುದಿ ಸಿಡಿದುಹೋಗಿದೆ. ಗುಂಡು ನೆಲದ ಕಲ್ಲಿನ ಫರಸಿಗೆ ಬಡಿದು, ಆರತಿಯ ತಾಟು ಹಿಡಿದು ಪಕ್ಕದಲ್ಲಿ ನಿಂತಿದ್ದ ಡ್ರೈವರನ ಮೊಳಕಾಲಿನ ಕೆಳಗೆ ಹೊಕ್ಕಿದೆ.

ಫೋನ್ ಇಟ್ಟು ನಾನು ಮೊದಲು ಮಾಡಿದ್ದು ಅಳುವುದಲ್ಲ. ಉಳಿದಿದ್ದ ಟ್ರಿಗರನ್ನು ವೈಸಿಗೆ ಸಿಕ್ಕಿಸಿ, ಅದರ ತುದಿಗೆ ಸುತ್ತಿಗೆಯಿಂದ ಹೊಡೆದೆ. ಮುರಿಯಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಕಚ್ಚು ಬಿತ್ತು, ಮುರಿಯಲಿಲ್ಲ. ಅಣ್ಣನ ಹದ ಸರಿಯಾಗಿತ್ತು. ಪೊರೆ ಕವಿದ ಕಣ್ಣಿನಲ್ಲೂ ಆ ಬಣ್ಣವನ್ನು ಅವನು ಸರಿಯಾಗಿಯೇ ಹಿಡಿದಿದ್ದ. ಅದನ್ನು ಸೆರಗಿಗೆ ಕಟ್ಟಿಕೊಂಡು ನಡೆದು ಹೋಗಿ ಸೇತುವೆಯ ಮೇಲಿಂದ ಮುಠಾ ನದಿಗೆ ಎಸೆದೆ. ಹಬ್ಬದ ದಿನ, ಜನ ನಿರ್ಮಾಲ್ಯ ಬಿಡಲು ಬಂದಿದ್ದರು. ನನ್ನನ್ನು ಯಾರೂ ನೋಡಲಿಲ್ಲ.

ಪೊಲೀಸರು ಮಧ್ಯಾಹ್ನ ಬಂದರು. ಅಷ್ಟರಲ್ಲಿ ಅಣ್ಣ ಕರಿ ಕನ್ನಡಕ ಹಾಕಿಕೊಂಡು ವೈನಿಯ ಜೊತೆ ರಿಕ್ಷಾದಲ್ಲಿ ಬಂದಿದ್ದ. ಅಧಿಕಾರಿ ಒಳ್ಳೆಯ ಮಾತಿನವನು. ಅಣ್ಣನನ್ನು ಕೂರಿಸಿ ಕೇಳಿದ, ಕೆಲಸ ಮಾಡಿದವರು ಯಾರು? ಎಲ್ಲ ನಾನೇ ಎಂದ ಅಣ್ಣ. ಕಣ್ಣಿನ ಆಪರೇಷನ್ ಆಗಿದೆಯಲ್ಲ, ಕೂರಿಸಿದವರು ಯಾರು? ಆಪರೇಷನ್ನಿಗೆ ಮೊದಲೇ ಕೂರಿಸಿಟ್ಟಿದ್ದೆ ಎಂದ. ಅಧಿಕಾರಿ ನನ್ನ ಕಡೆ ತಿರುಗಿದ. "ತಾಈ, ನೀವು ಇಲ್ಲಿ ಏನು ಮಾಡುತ್ತೀರಿ?"

ನನ್ನ ಉಗುರಿನ ಸಂದಿಯಲ್ಲಿ ಕಬ್ಬಿಣದ ಕಪ್ಪು ಇತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ನಾನು ಡಬ್ಬ ತಂದುಕೊಡುತ್ತೇನೆ," ಎಂದೆ, ಮರಾಠಿಯಲ್ಲಿ, ಶುದ್ಧವಾಗಿ.

ಲೈಸೆನ್ಸಿನಲ್ಲಿ ಹೆಸರಿಲ್ಲದವಳು ಬಂದೂಕು ಮುಟ್ಟಿದ್ದಾಳೆ ಎಂದಾದರೆ ಅಣ್ಣನಿಗೆ ಇನ್ನೂ ಕಷ್ಟವಾಗುತ್ತಿತ್ತು, ಅದಕ್ಕೇ ಹಾಗೆ ಹೇಳಿದೆ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಸುಳ್ಳು. ಆ ಗಳಿಗೆಯಲ್ಲಿ ಕಾಯಿದೆ ಗೀಯಿದೆ ನನ್ನ ತಲೆಯಲ್ಲಿ ಇರಲಿಲ್ಲ. ಹೆದರಿದ್ದೆ, ಅಷ್ಟೇ. ಪೊಲೀಸರಿಗೆ ಹೇಳಬಾರದಿದ್ದರೆ ಬೇಡ, ಮನೆಗೆ ಹೋದ ಮೇಲೆ ಅಣ್ಣನಿಗೆ ಹೇಳಬಹುದಿತ್ತಲ್ಲ.

ಮುರಿದ ತುಂಡು ಪರೀಕ್ಷೆಗೆ ಹೋಯಿತು. ಉಕ್ಕಿಗೆ ಹದ ಕೊಟ್ಟಿಲ್ಲ ಎಂದು ವರದಿ ಬಂತು. ಮೊದಲು ಅಂಗಡಿಗೆ ಸೀಲು, ಆಮೇಲೆ ಲೈಸೆನ್ಸ್ ರದ್ದು. ಉಳಿದ ಟ್ರಿಗರ್ ಆ ಗದ್ದಲದಲ್ಲಿ ಎಲ್ಲೋ ಕಳೆದಿದೆ ಎಂದುಕೊಂಡ ಅಣ್ಣ. ಅಣ್ಣನನ್ನು ಒಳಗೆ ಹಾಕಲಿಲ್ಲ. ಸಾಹೇಬರು ಹಳೆಯ ವಿಶ್ವಾಸಕ್ಕೆ ಮಾತು ಬೆಳೆಸಲಿಲ್ಲ. ಡ್ರೈವರನ ಕಾಲು ಉಳಿಯಿತು, ಕ್ಲಚ್ ಒತ್ತುವ ಶಕ್ತಿ ಉಳಿಯಲಿಲ್ಲ. ಒಮ್ಮೆ ವಿಳಾಸ ಹುಡುಕಿಕೊಂಡು ಹಡಪಸರದ ಅವನ ಓಣಿಗೆ ಹೋದೆ. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತು ಹೋಗಿಬರುವ ಗಾಡಿಗಳನ್ನು ನೋಡುತ್ತಿದ್ದ. ಓಣಿಯ ಬಾಯಿಯಿಂದಲೇ ತಿರುಗಿ ಬಂದೆ. ಅದನ್ನೂ ಇಲ್ಲಿ ಸೇರಿಸಿಕೊಳ್ಳಿ.

ಇದೆಲ್ಲದಕ್ಕಿಂತ ಕೆಟ್ಟದ್ದು ನಡೆದದ್ದು ಕಣ್ಣಿನ ಡಾಕ್ಟರರ ಹತ್ತಿರ, ಪಟ್ಟಿ ಬಿಚ್ಚಿ ಮೂರು ವಾರವಾದ ಮೇಲೆ. ನಾನೇ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ಈಗ ಬಿಳಿ ಬಿಳಿಯಾಗಿ ಕಾಣುತ್ತದೆಯೇ ಎಂದು ಡಾಕ್ಟರ್ ಕೇಳಿದರು. ಪೊರೆ ಬಲಿತಾಗ ಎಲ್ಲವೂ ಸ್ವಲ್ಪ ಹಳದಿಯಾಗಿ ಕಾಣುತ್ತಿರುತ್ತದೆ, ರೋಗಿಗೆ ತಿಳಿಯುವುದೇ ಇಲ್ಲ ಎಂದು ನಗುತ್ತ ಹೇಳಿದರು. ಅಣ್ಣ ನಗಲಿಲ್ಲ. ಮನೆಗೆ ಬಂದು ಹೊರಸಿನ ಮೇಲೆ ಕೂತವನು ವೈನಿಗೆ ಹೇಳಿದ.

"ಆ ಟ್ರಿಗರಿಗೆ ಬಣ್ಣಾನ ಬಂದಿದ್ದಿಲ್ಲ. ನನ್ನ ಕಣ್ಣಾಗ ಹಳದಿ ಇತ್ತು. ಎರಡೂ ಬೆಳ್ಳಗ ಇದ್ದವು, ನಾ ಒಂದಕ್ಕ ಬಂತು ಅಂದೆ."

"ತಂಗಿ ನೋಡಿದ್ಲಲ್ರೀ?"

"ಆಕಿ ಪಾಪ, ನಾ ಹೇಳಿದ್ದಕ್ಕ ಹೂಂ ಅಂದಾಳ. ಹಳದಿ ಬಲ್ಬಿನಾಗ ಏನ ಕಾಣತದ? ಒಬ್ಬನ ಕಾಲು ಮುರದೆ ನಾನು."

ನಾನು ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವನ ಮುಂದೆ ಕಪ್ಪಿಟ್ಟು ಒಳಗೆ ಹೋದೆ.

ಅರ, ಉಳಿಗಳನ್ನು ಅವನೇ ಗುಜರಿಗೆ ಹಾಕಿದ. ಬಿಬವೇವಾಡಿಯಲ್ಲಿ ನಲ್ಲಿ, ಕೀಲು, ಮೊಳೆ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡ. ಗಿರಾಕಿ ಸ್ಕ್ರೂ ಕೇಳಿದರೆ ಬೆರಳಿಂದಲೇ ಅಳತೆ ಹೇಳುತ್ತಿದ್ದ ಮನುಷ್ಯ ಈಗ ಕೊಡುವ ಮೊದಲು ನನ್ನ ಕಡೆ ಚಾಚುತ್ತಾನೆ. "ತಂಗಿ, ಇದು ಎಂಟ ನಂಬರ ಹೌದಿಲ್ಲೋ ನೋಡು." ಡಾಕ್ಟರ್ ಪ್ರಕಾರ ಅವನ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ. ಬೇಳೆ ಕಾಳು ಆರಿಸುವುದಕ್ಕೂ ಕೂರುವುದಿಲ್ಲ, ಹರಳು ಉಳಿದರೆ ಎನ್ನುತ್ತಾನೆ.

ಹೋದ ಚಳಿಗಾಲದಲ್ಲಿ ಹಡಪಸರದಿಂದ ಒಬ್ಬರು ಬಂದರು. ಹೊಸದಾಗಿ ಬಂದೂಕು ದುರಸ್ತಿಯ ವರ್ಕ್‌ಶಾಪ್ ತೆರೆದಿದ್ದರು, ಲೈಸೆನ್ಸ್ ಅವರ ಹೆಸರಿನದು. ದಾವಣಗೆರೆ ಕಡೆಯವರು, ಕನ್ನಡ ಮಾತಾಡಿದರು. ಹಳೆಯ ಲಿವರ್ ರೈಫಲ್ಲುಗಳು ನಾಲ್ಕೈದು ಬಂದು ಬಿದ್ದಿವೆ, ಭಾಗ ಮಾಡಿ ಕೂರಿಸುವ ಕೈ ಪುಣೆಯಲ್ಲಿ ನಿಮ್ಮದೊಂದೇ ಎಂದು ಎಲ್ಲರೂ ಹೇಳುತ್ತಾರೆ, ನಿಮ್ಮ ಹೆಸರು ಸೇರಿಸಲು ಅರ್ಜಿ ಹಾಕುತ್ತೇನೆ, ಬಂದುಬಿಡಿ ಎಂದರು. ಬಟ್ಟೆ ಬಿಚ್ಚಿ ಒಂದು ಮುರಿದ ಕೊಕ್ಕೆ ತೋರಿಸಿದರು. ಅಣ್ಣ ಅದನ್ನು ಎತ್ತಿಕೊಂಡ. ಹೆಬ್ಬೆರಳು ತಾನಾಗಿ ಮುರಿದ ಜಾಗ ಹುಡುಕಿತು. ಏಳು ವರ್ಷದಲ್ಲಿ ಅವನ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಕೊಕ್ಕೆಯನ್ನು ಬಟ್ಟೆಯ ಮೇಲೆ ಇಟ್ಟುಬಿಟ್ಟ.

"ನನಗ ಬಣ್ಣ ತಿಳ್ಯೂದಿಲ್ರೀ. ಮತ್ತೊಬ್ಬರ ಕಾಲು ಮುರ್ಯೂದು ಬ್ಯಾಡ."

"ನಿಧಾನವಾಗಿ ಯೋಚನೆ ಮಾಡಿ ಸಾರ್, ಅವಸರ ಏನಿಲ್ಲ," ಎಂದು ಅವರು ಎದ್ದರು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಹೇಳಿದೆ. ಹುಣಸೆಹಣ್ಣು, ಬೂದಿ, ತಾಟು, ಫೋನು, ವೈಸಿಗೆ ಸಿಕ್ಕಿಸಿ ಬಡಿದದ್ದು, ನದಿ, ಒಂದನ್ನೂ ಬಿಡದೆ ಹೇಳಿದೆ. ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೇಳಿದ. ಮುಗಿದ ಮೇಲೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ.

"ಇಷ್ಟ ದಿನ ಬಿಟ್ಟು ಇವತ್ತ ನೆನಪಾತೇನು? ಆ ಮನಿಶ್ಯಾ ಬಂದು ಕರದಾ ಅಂತ, ನಾ ಹೋಗಲಿ ಅಂತ ಕತಿ ಕಟ್ಟತಿ."

"ಕತಿ ಅಲ್ಲಣ್ಣಾ. ಬಣ್ಣ ಇತ್ತು. ನಾನಽ ಅಳಿಸೀನಿ."

"ಇತ್ತಂದ್ರ ತೋರ್ಸು. ಎಲ್ಲದ ಆ ಇನ್ನೊಂದು ಟ್ರಿಗರ್?"

"ಹೊಳೀಗೆ ಒಗದೀನಿ ಅಂತ ಹೇಳಿದ್ನಲ್ಲ."

"ಹೂಂ. ಹೊಳೀಗೆ." ನಕ್ಕ. ಬೈಯುವ ನಗೆಯಲ್ಲ, ಸಣ್ಣ ಮಕ್ಕಳ ಮಾತಿಗೆ ನಗುವ ನಗೆ. "ಉಣ್ಣು. ನನ್ನ ಸಮಾಧಾನಕ್ಕ ಇಷ್ಟ ದೊಡ್ಡ ಪಾಪ ಮೈಮ್ಯಾಲೆ ಹಾಕ್ಕೋಬ್ಯಾಡ."

ವೈನಿ ನಂಬಿದಳು. ನಾನು ಹುಣಸೆಹಣ್ಣು ಎಂದಾಗಲೇ ನಂಬಿದ್ದಳು, ಅವಳ ಮುಖದಲ್ಲಿ ಕಂಡೆ. ತಾಟು ಎತ್ತಿಕೊಂಡು ಒಳಗೆ ಹೋದವಳು ಅಂದಿನಿಂದ ನನ್ನೊಂದಿಗೆ ಮಾತಾಡಿಲ್ಲ. ಬೇಕಾದದ್ದನ್ನು ಗೋಡೆಗೆ ಹೇಳುತ್ತಾಳೆ. ಅಣ್ಣ ಅವಳನ್ನು ಬೈಯುತ್ತಾನೆ. "ನನ್ನ ಸಲುವಾಗಿ ಆಕಿ ಸುಳ್ಳ ಹೇಳಿದ್ರ ಅದನ್ನಽ ಹಿಡಕೊಂಡು ಕೂತಿಯಲ್ಲ! ಒಡಹುಟ್ಟಿದಾಕಿ, ನಿನಗೇನ ತಿಳೀತದ?" ವೈನಿ ನನ್ನನ್ನು ಒಮ್ಮೆ ನೋಡಿ ಒಲೆಯ ಕಡೆ ತಿರುಗುತ್ತಾಳೆ.

ಎರಡು ವಾರದ ನಂತರ ಅಣ್ಣ ತಾನಾಗಿಯೇ ಹಡಪಸರದವರಿಗೆ ಫೋನ್ ಮಾಡಿದ. ನನಗೆ ಆಸೆ ಚಿಗುರಿತು. ಅವನು ಹೇಳಿದ್ದು ನನ್ನ ವಿಷಯ. ನಮ್ಮ ತಂಗಿಗೂ ಕೆಲಸ ಬರತದ, ಆಕಿ ಕಣ್ಣು ಛಲೋ ಅದಾವ, ಆಕಿ ಹೆಸರಿಲೆ ಅರ್ಜಿ ಹಾಕ್ರಿ ಎಂದ. ಗಂಡನ ವಿಷಯ ಪೊಲೀಸರು ಕೇಳಿದರೆ ತಾನೇ ಬಂದು ಮಾತಾಡುತ್ತೇನೆ ಎಂದೂ ಹೇಳಿದ. ಫೋನಿಟ್ಟು ನನ್ನ ಫೋಟೋ ತೆಗೆಸಲು ಶರ್ಟು ಹಾಕಿಕೊಂಡು ಹೊರಟು ನಿಂತ.

ನಾನು ಮರುದಿನ ಬಸ್ಸು ಹಿಡಿದು ಹಡಪಸರಕ್ಕೆ ಹೋದೆ. ಆ ವರ್ಕ್‌ಶಾಪಿನಲ್ಲಿ ಉತ್ತರದ ಕಿಟಕಿಯಿತ್ತು, ಬಣ್ಣ ನೋಡಲು ಅಂಥ ಬೆಳಕು ನಮಗೆ ಎಂದೂ ಇರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಅವರಿಗೆ ಕೆಲಸ ಗೊತ್ತಿತ್ತು. ಬಣ್ಣ ಅಳಿಸಿದೆ ಎಂದ ಕೂಡಲೇ ತಿಳಿದುಹೋಯಿತು.

"ಮತ್ತೆ ಕಾಯಿಸಿದ್ರೆ ಆಗ್ತಿತ್ತಲ್ಲಮ್ಮ," ಎಂದರು.

"ಆಗತಿತ್ರೀ."

ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು. ನಿಮ್ಮನ್ನು ನಾನು ಇಟ್ಟುಕೊಳ್ಳಲಾರೆ, ತಪ್ಪು ತಿಳಿಯಬೇಡಿ ಎಂದರು. ಅದಕ್ಕಾಗಿಯೇ ಬಂದದ್ದು, ಅಣ್ಣನಿಗೆ ನೀವು ಹೇಳಿ, ನನ್ನ ಮಾತು ನಂಬುವುದಿಲ್ಲ ಎಂದೆ. ಅಲ್ಲೇ, ನನ್ನ ಮುಂದೆಯೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ನಿಮ್ಮ ಹದ ಸರಿಯಾಗಿತ್ತು ಸಾರ್, ಟ್ರಿಗರ್ ಅದಲುಬದಲಾಗಿತ್ತು, ನಿಮ್ಮ ತಂಗಿ ಇಲ್ಲೇ ನಿಂತಿದ್ದಾರೆ, ಅವರೇ ಹೇಳಿದರು ಎಂದರು. ಆ ಕಡೆ ಮೊಳೆ ತೂಗುವ ತಕ್ಕಡಿಯ ಸದ್ದು. ಅಣ್ಣ ಯಾರಿಗೋ ಒಂದು ನಿಮಿಷ ನಿಲ್ಲಿ ಎಂದ.

"ನಿಮ್ಮ ತನಕಾನೂ ಬಂದ್ಲೇನ್ರೀ? ನನ್ನ ಹೆಸರಿನ ಸಲುವಾಗಿ ಆಕಿ ಏನ ಬೇಕಾದ್ದು ಹೇಳತಾಳ. ತನಗ ಸಿಕ್ಕ ಕೆಲಸಾನೂ ಕಳಕೊಂಡ್ಲು ನೋಡ್ರಿ, ಹುಚ್ಚಿ." ಅವನ ದನಿ ತೇವವಾಗಿತ್ತು. "ಬಿಸಲಾಗ ಬಂದಿರತಾಳ, ಆಕೀಗೆ ಒಂದ ಗ್ಲಾಸ ನೀರ ಕೊಡ್ರಿ."

ಅವರು ಫೋನ್ ಇಟ್ಟು, ಮೂಲೆಯ ಮಡಕೆಯಿಂದ ನೀರು ಬಗ್ಗಿಸಿ ತಂದುಕೊಟ್ಟರು. ನಾನು ಕುಡಿದೆ.